ಸಂಕಲ್ಪವೂ ಯಕೃತ್ತೂ

೨೦೨೦ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಮಹಾಮಾರಿಯ ಭಯಕ್ಕೆ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ, ಕೇರಳದಲ್ಲಿ ದೇವಾಲಯ ಮಸೀದಿ ಇಗರ್ಜಿಗಳೊಡನೆ ಸರ್ಕಾರಿ ಮದ್ಯದಂಗಡಿಗಳೂ ಮುಚ್ಚಿದುವು. ದೇವಾಲಯ ಮುಚ್ಚಿದುದರಿಂದ ಭಕ್ತರು ನೊಂದರಾದರೂ ಯಾರ ಕೈಯೂ ನಡುಗಲಿಲ್ಲ. ಅಂಗಡಿ ಮುಚ್ಚಿದ ಎರಡು ಮೂರು ದಿನಗಳೊಳಗೆ ನಡುಕ, ನಿದ್ರಾನಾಶ, ಸೆಳವು, ಚಿತ್ತಭ್ರಮೆಗಳಿಂದ ಪೀಡಿತರಾದವರು ಆಸ್ಪತ್ರೆಗಳಿಗೆ ಬರತೊಡಗಿದರು. ಆತ್ಮಹತ್ಯೆಯ ವಾರ್ತೆಗಳೂ ಬಂದುವು. ಮಾರ್ಚ್ ೩೦ರಂದು ತಿರುವನಂತಪುರದಿಂದ ಸರ್ಕಾರದ ಆಜ್ಞೆಯೊಂದು ಹೊರಟಿತು: ಕುಡಿತ ನಿಂತುದರಿಂದ ಯಾತನೆಗೊಳಗಾದವನು ಸರ್ಕಾರಿ ವೈದ್ಯನಿಂದ ಚೀಟಿ ಬರೆಯಿಸಿಕೊಂಡು, ಅದನ್ನು ಅಬಕಾರಿ ಕಚೇರಿಗೆ ತೋರಿಸಿ, ಅಲ್ಲಿಂದ ಪರವಾನಗಿ ಪಡೆದು ಮದ್ಯವನ್ನು ಕೊಳ್ಳಬಹುದು ಎಂದು. ವೈದ್ಯರ ಸಂಘಗಳು ಇದನ್ನು ಒಪ್ಪಲಿಲ್ಲ. ಮದ್ಯವನ್ನು ಔಷಧವೆಂದು ಬರೆದುಕೊಡುವುದು ತಮ್ಮ ಶಾಸ್ತ್ರಕ್ಕೂ ಧರ್ಮಕ್ಕೂ ವಿರುದ್ಧವೆಂದು ಕಪ್ಪು ಪಟ್ಟಿ ಧರಿಸಿ ಪ್ರತಿಭಟಿಸಿದರು. ಏಪ್ರಿಲ್ ೨ರಂದು ಕೊಚ್ಚಿಯಲ್ಲಿರುವ ಹೈಕೋರ್ಟು ಆಜ್ಞೆಗೆ ತಡೆ ನೀಡಿತು. ಹೀಗೆ ಮೂರೇ ದಿನಗಳ ಆಯುಸ್ಸಿನ ಆ ಕಾಗದ ಕಡತಕ್ಕೆ ಸೇರಿತು. ಮೇ ೨೮ರಂದು ಅಂಗಡಿಗಳು ಮತ್ತೆ ತೆರೆದಾಗ ಬಹುಮಂದಿ ಅದನ್ನು ಮರೆತೂಬಿಟ್ಟರು.

ಮರೆಯಬಾರದಾಗಿತ್ತೆಂದು ನನಗೆ ತೋರುತ್ತದೆ. ಸೆಕ್ರೆಟೇರಿಯಟ್ಟಿಗೂ ಹೈಕೋರ್ಟಿಗೂ ನಡುವೆ ಆ ಮೂರು ದಿನಗಳಲ್ಲಿ ನಡೆದ ವಾದ ಮೇಲುನೋಟಕ್ಕೆ ಆಡಳಿತದ ವಾದ. ಅದರ ಒಡಲಲ್ಲಿದ್ದುದು ನಮ್ಮ ದರ್ಶನಕಾರರು ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆ. ನಡುಗುವ ಕೈಯಿಂದ ಚೀಟಿಯನ್ನು ಚಾಚುವವನಲ್ಲಿ ಕೇಳುತ್ತಿರುವವರು ಯಾರು? ಆ ಬಾಯಾರಿಕೆ ಅವನದೆಂದರೆ ಅವನನ್ನು ದೂಷಿಸಬಹುದು. ಅವನ ದೇಹದ್ದೆಂದರೆ ಕರುಣಿಸಬಹುದು. ದೇಹವನ್ನು ಹಾಗೆ ಮಾಡಿಕೊಂಡವನು ಅವನೇ ಅಲ್ಲವೆ ಎಂದರೆ, ದೂಷಣೆಯೂ ಕರುಣೆಯೂ ಒಂದರೊಳಗೊಂದು ಸಿಕ್ಕಿ ಬಿಡಿಸಲಾಗದ ಗಂಟಾಗುತ್ತವೆ. ಕರ್ತೃತ್ವದ ವಿಚಾರವನ್ನು ಆತ್ಮದ ಕಡೆಯಿಂದ ಮಾತ್ರವೇ ನೋಡಿ ರೂಢಿಯಾದ ನಮಗೆ ಅದನ್ನು ಯಕೃತ್ತಿನ ಕಡೆಯಿಂದ ನೋಡುವುದು ಕೊಂಚ ಅಗೌರವವೆಂದು ತೋರಬಹುದು. ಆದರೂ ಈ ಅಂಗದ ನಡತೆಯನ್ನು ಅರಿಯದೆ ಆ ಗಂಟಿಗೆ ಕೈಹಾಕುವುದು ವ್ಯರ್ಥ.

ಕುಡಿತದ ಅಭ್ಯಾಸವಿಲ್ಲದವನು ಎಂದೋ ಒಮ್ಮೆ ಕುಡಿದರೆ, ಅವನ ಯಕೃತ್ತಿನಲ್ಲಿರುವ ಆಲ್ಕೊಹಾಲ್ ಡಿಹೈಡ್ರೊಜಿನೇಸ್ ಎಂಬ ಕಿಣ್ವ ಆ ಮದ್ಯಸಾರವನ್ನು ಅಸಿಟಾಲ್ಡಿಹೈಡಾಗಿಯೂ, ಮತ್ತೊಂದು ಕಿಣ್ವ ಅದನ್ನು ನಿರುಪದ್ರವಿಯಾದ ಅಸಿಟೇಟಾಗಿಯೂ ಮಾರ್ಪಡಿಸುತ್ತವೆ. ಈ ಕೆಲಸದ ವೇಗ ಹೆಚ್ಚುಕಡಮೆ ನಿಯತವಾದುದು: ಗಂಟೆಗೆ ಏಳರಿಂದ ಹತ್ತು ಗ್ರಾಮಿನಷ್ಟು. ಕುಡಿತ ನಿತ್ಯವಾದಾಗ ಯಕೃತ್ತು ಎರಡನೆಯ ಒಂದು ದಾರಿಯನ್ನು ಅಗಲಗೊಳಿಸಿಕೊಳ್ಳುತ್ತದೆ. ೧೯೬೮ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಲೀಬರ್, ಲಿಯೊನೋರ್ ಡಿಕಾರ್ಲಿ ಎಂಬಿಬ್ಬರು ವಿವರಿಸಿದ ಈ ಮಾರ್ಗದಲ್ಲಿ ಮುಖ್ಯವಾದುದು ಸೈಟೋಕ್ರೋಮ್ ಪಿ-೪೫೦ ಬಳಗಕ್ಕೆ ಸೇರಿದ, ೨ಇ೧ ಎಂಬ ಗುರುತಿನ ಕಿಣ್ವ. ಸಾಮಾನ್ಯ ಮನುಷ್ಯನಲ್ಲಿ ಅಲ್ಪವಾಗಿರುವ ಇದು ನಿತ್ಯಪಾನಿಯಲ್ಲಿ ಹಲವು ಪಟ್ಟು ಬೆಳೆಯುತ್ತದೆ. ಅದನ್ನು ಹೊತ್ತ ಕೋಶದೊಳಗಿನ ಸೂಕ್ಷ್ಮ ಪೊರೆಗಳ ಜಾಲವೂ ಹಬ್ಬುತ್ತದೆ. ಇದರಿಂದ ಅವನಲ್ಲಿ ಮದ್ಯ ಬೇಗ ಕರಗುತ್ತದೆ. ಬೇಗ ಕರಗುವುದರಿಂದ ಹೆಚ್ಚು ಬೇಕಾಗುತ್ತದೆ.

ವಿಷಯ ಇಷ್ಟಕ್ಕೇ ನಿಂತಿದ್ದರೆ ಅದು ಕುಡುಕನ ಮತ್ತು ಮದ್ಯದ ಖಾಸಗಿ ವ್ಯವಹಾರವೆಂದು ಬಿಡಬಹುದಾಗಿತ್ತು. ಆದರೆ ಈ ಕಿಣ್ವಗಳು ಮದ್ಯಕ್ಕಾಗಿಯೇ ಮೀಸಲಾದ ಸೇವಕರಲ್ಲ. ದೇಹ ಪ್ರವೇಶಿಸುವ ಬಹುಪಾಲು ಔಷಧಗಳನ್ನು ಒಡೆದು ಹೊರಗೆ ಕಳುಹಿಸುವವುಗಳೂ ಇವೇ, ಇಲ್ಲವೆ ಇವುಗಳ ದಾಯಾದಿಗಳೇ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಆಗಲಿ, ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ವಾರ್‌ಫರಿನ್ ಆಗಲಿ, ಬಹುಕಾಲ ಕುಡಿದವನ ದೇಹದಲ್ಲಿ ಅವನು ಕುಡಿಯದೆ ಇರುವ ಹೊತ್ತಿನಲ್ಲಿ ಇತರರಲ್ಲಿರುವುದಕ್ಕಿಂತ ಶೀಘ್ರವಾಗಿ ನಷ್ಟವಾಗುತ್ತವೆ. ಎಲ್ಲರಿಗೂ ಸಾಕಾಗುವ ಪ್ರಮಾಣ ಅವನಿಗೆ ಸಾಲದಾಗುತ್ತದೆ. ಅದೇ ಮನುಷ್ಯ ಅಂದೇ ಸಂಜೆ ಮಿತಿಮೀರಿ ಕುಡಿದನೆನ್ನೋಣ: ಆಗ ಮದ್ಯವೇ ಆ ಕಿಣ್ವಗಳನ್ನು ಆಕ್ರಮಿಸಿ ಕುಳಿತಿರುವುದರಿಂದ ಔಷಧಕ್ಕೆ ಸರದಿ ಸಿಕ್ಕದೆ, ಅದು ರಕ್ತದಲ್ಲಿಯೇ ಉಳಿದು ವಿಪರೀತ ಪರಿಣಾಮವನ್ನುಂಟುಮಾಡುತ್ತದೆ. ಮನುಷ್ಯ ಒಬ್ಬನೇ, ಮಾತ್ರೆ ಒಂದೇ. ಬೆಳಗ್ಗೆ ಅದು ಸಾಲದು, ರಾತ್ರಿ ಅದು ಅತಿಯಾಗುತ್ತದೆ. ಇನ್ನೂ ವರ್ಷಗಳು ಸಂದು ಯಕೃತ್ತೇ ಗಡುಸಾಗಿ ಸೋತಮೇಲೆ ಈ ಚುರುಕೆಲ್ಲ ತಲೆಕೆಳಗಾಗಿ, ಒಂದು ಕಾಲದಲ್ಲಿ ಸೀಸೆಗಟ್ಟಲೆ ಕುಡಿದು ನೆಟ್ಟಗೆ ನಡೆದವನು ಒಂದು ಗುಟುಕಿಗೇ ತೂರಾಡುತ್ತಾನೆ.

ನೀತಿಚಿಂತಕನು ಇವೆಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ಸಂಗತಿ ಪ್ಯಾರಾಸಿಟಮಾಲಿನದು. ತಲೆನೋವಿಗೆ ಜ್ವರಕ್ಕೆ ಮನೆಮನೆಯಲ್ಲಿ ನುಂಗುವ ಈ ಮಾತ್ರೆಯ ಒಂದು ಸಣ್ಣ ಭಾಗವನ್ನು ಮೇಲೆ ಹೇಳಿದ ೨ಇ೧ ಕಿಣ್ವ ವಿಷವಾಗಿ ಪರಿವರ್ತಿಸುತ್ತದೆ. ಗ್ಲುಟಥಯೋನ್ ಎಂಬ ದ್ರವ್ಯ ಆ ವಿಷವನ್ನು ತಕ್ಷಣ ಅಡಗಿಸುತ್ತದೆ. ನಿತ್ಯಪಾನಿಯಲ್ಲಿ ವಿಷವನ್ನು ಮಾಡುವ ಕಿಣ್ವ ಹೆಚ್ಚಿರುತ್ತದೆ, ಊಟ ಸರಿಯಿಲ್ಲದುದರಿಂದ ಅಡಗಿಸುವ ದ್ರವ್ಯ ಕಡಮೆಯಿರುತ್ತದೆ. ಆದರೂ ಅವನು ಕುಡಿಯುತ್ತಿರುವಷ್ಟು ಹೊತ್ತು ಆ ಕಿಣ್ವ ಮದ್ಯದಲ್ಲಿಯೇ ವ್ಯಾಪೃತವಾಗಿರುವುದರಿಂದ ಒಂದು ವಿಚಿತ್ರ ರಕ್ಷಣೆ ಅವನಿಗುಂಟು. ಅವನು ಕುಡಿತವನ್ನು ಬಿಟ್ಟ ದಿನ ಆ ರಕ್ಷಣೆ ತಪ್ಪುತ್ತದೆ: ಬೆಳೆದು ನಿಂತ ಕಿಣ್ವ ಕೆಲಸವಿಲ್ಲದೆ ಕಾಯುತ್ತಿರುತ್ತದೆ; ಬಿಟ್ಟುದರ ತಲೆನೋವಿಗೆ ಹಸಿದ ಹೊಟ್ಟೆಯಲ್ಲಿ ಒಂದರ ಮೇಲೊಂದು ಮಾತ್ರೆ ನುಂಗಿದರೆ ಅದೆಲ್ಲ ಅದರ ಪಾಲಾಗುತ್ತದೆ. ಸತ್ಸಂಕಲ್ಪದ ಮೊದಲ ದಿನವೇ ಅಪಾಯದ ದಿನವೂ ಆಗುವ ಈ ವ್ಯವಸ್ಥೆಯನ್ನು ಯಾವ ಧರ್ಮಗ್ರಂಥವೂ ಊಹಿಸಿರಲಾರದು.

ನಿದ್ರಾಜನಕಗಳ ಕಥೆ ಇದರ ತಮ್ಮನ ಕಥೆ. ಅದನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ. ೧೯೧೨ರಿಂದ ಬಳಕೆಯಲ್ಲಿರುವ ಫಿನೊಬಾರ್ಬಿಟೋನ್ ಮತ್ತು ಅದರ ಬಂಧುಗಳು ಯಕೃತ್ತಿನ ಕಿಣ್ವಗಳನ್ನು ಮದ್ಯಕ್ಕಿಂತಲೂ ವ್ಯಾಪಕವಾಗಿ ಬೆಳೆಸುತ್ತವೆಂಬುದು, ತಮ್ಮ ನಾಶದ ವೇಗವನ್ನು ತಾವೇ ಹೆಚ್ಚಿಸಿಕೊಳ್ಳುತ್ತವೆಂಬುದು, ೧೯೫೦ರ ದಶಕದ ಕೊನೆಯ ವೇಳೆಗೆ ಜರ್ಮನಿಯ ಹೆರ್ಬರ್ಟ್ ರೆಮ್ಮರ್ ಮೊದಲಾದವರಿಂದ ಗೊತ್ತಾಯಿತು. ಘೋರವಾದುದೇನೆಂದರೆ, ನಿದ್ರೆ ತರಿಸಲು ಬೇಕಾದ ಪ್ರಮಾಣ ಅಭ್ಯಾಸದಿಂದ ಏರುತ್ತ ಹೋಗುವಷ್ಟು ಪ್ರಾಣ ತೆಗೆಯುವ ಪ್ರಮಾಣ ಏರುವುದಿಲ್ಲ. ನಿದ್ರೆಗೂ ಚಿರನಿದ್ರೆಗೂ ನಡುವಣ ಅಂತರ ದಿನೇ ದಿನೇ ಕಿರಿದಾಗುತ್ತದೆ. ಮುಂದೆ ೧೯೬೦ರ ಸುಮಾರಿಗೆ ಬಂದ ಕ್ಲೋರ್‌ಡಯಜಿಪಾಕ್ಸೈಡ್, ಡಯಜಿಪಾಮ್‌ಗಳು ಯಕೃತ್ತನ್ನು ಅಷ್ಟಾಗಿ ಕೆದಕುವುದಿಲ್ಲ. ಅವು ಬದಲಾಯಿಸುವುದು ಮಿದುಳಿನಲ್ಲಿ ಅವುಗಳನ್ನು ಬರಮಾಡಿಕೊಳ್ಳುವ ತಾಣಗಳನ್ನು. ಮದ್ಯವೂ ಆ ತಾಣಗಳ ಮೂಲಕವೇ ಕೆಲಸಮಾಡುವುದರಿಂದ ಒಂದರ ಅಭ್ಯಾಸ ಇನ್ನೊಂದಕ್ಕೂ ಸಲ್ಲುತ್ತದೆ. ಬಹಳ ಕುಡಿಯುವವನಿಗೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಹೆಚ್ಚು ಅರಿವಳಿಕೆ ಬೇಕಾಗುವುದಕ್ಕೂ, ಕುಡಿತ ಬಿಟ್ಟವನ ನಡುಕಕ್ಕೆ ವೈದ್ಯರು ಇವೇ ಮಾತ್ರೆಗಳನ್ನು ಕೊಟ್ಟು ದಿನದಿನಕ್ಕೆ ಇಳಿಸುತ್ತ ಬರುವುದಕ್ಕೂ ಇದು ಕಾರಣ.

ಈಗ ದರ್ಶನಕ್ಕೆ ಬರೋಣ. ಕೊಚ್ಚಿಯ ಸಮೀಪದಲ್ಲಿ ಪೆರಿಯಾರ್ ನದಿಯ ದಡದಲ್ಲಿರುವ ಕಾಲಡಿ ಶಂಕರಾಚಾರ್ಯರ ಜನ್ಮಸ್ಥಳ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವನು ಕರ್ತೃವೆ ಅಲ್ಲವೆ ಎಂಬ ವಿಚಾರ ಬಂದಾಗ, ಕರ್ತೃವೆಂದೇ ಒಪ್ಪಬೇಕು, ಇಲ್ಲವಾದರೆ ವಿಧಿನಿಷೇಧಗಳಿಗೆ ಅರ್ಥವೇ ಇರುವುದಿಲ್ಲ ಎಂದು ಸೂತ್ರಕಾರರು ಹೇಳುತ್ತಾರೆ. ಆ ಕರ್ತೃತ್ವ ಸ್ವಭಾವವಲ್ಲ, ಉಪಾಧಿಯಿಂದ ಬಂದದ್ದು ಎಂದು ತೋರಿಸುವುದಕ್ಕೆ ಅಲ್ಲಿಯೇ ಬಡಗಿಯ ದೃಷ್ಟಾಂತ ಬರುತ್ತದೆ. ಬಾಚಿ ಮೊದಲಾದ ಉಪಕರಣಗಳನ್ನು ಹಿಡಿದಾಗ ಬಡಗಿ ಕರ್ತೃ, ದುಃಖಿ. ಅವನ್ನೆಲ್ಲ ಇಳಿಸಿಟ್ಟು ಮನೆಗೆ ಬಂದಾಗ ಅವನೇ ನಿಶ್ಚಿಂತ, ಸುಖಿ. ಆಚಾರ್ಯರ ಭಾಷ್ಯದಲ್ಲಿ ನಾನು ಬಹಳವಾಗಿ ಮೆಚ್ಚಿದ ಸ್ಥಳಗಳಲ್ಲಿ ಇದೊಂದು. ಆದರೆ ನಿತ್ಯಪಾನಿಯ ವಿಷಯದಲ್ಲಿ ಈ ದೃಷ್ಟಾಂತ ಒಂದು ತೊಡಕಿಗೆ ಸಿಕ್ಕುತ್ತದೆ. ಅವನು ಬಾಚಿಯನ್ನು ಕೆಳಗಿಟ್ಟರೂ ಬಾಚಿ ಕೆತ್ತುತ್ತಲೇ ಇದೆ. ಅವನು ಮಲಗಿದ್ದಾಗ, ಅವನು ದೇವರ ಮುಂದೆ ಆಣೆಯಿಟ್ಟು ಬಂದಾಗ, ಅವನು ನಿಜವಾಗಿಯೂ ಬೇಡವೆಂದು ನಿಶ್ಚಯಿಸಿದಾಗ, ಅವನ ಯಕೃತ್ತು ಹಳೆಯ ವೇಗದಲ್ಲಿಯೇ ದುಡಿಯುತ್ತಿರುತ್ತದೆ. ಅವನ ನರಗಳು ಬರಲಿರುವ ಅಮಲಿಗೆ ಎದುರಾಗಿ ತಮ್ಮನ್ನು ಬಿಗಿಹಿಡಿದುಕೊಂಡೇ ಇರುತ್ತವೆ. ನಡುಕವೆಂಬುದು ಆ ಬಿಗಿತವೇ. ಬರಬೇಕಾದ ಎದುರಾಳಿ ಬಾರದಿದ್ದಾಗ ಅದು ಹೊರಬೀಳುತ್ತದೆ.

ಇದನ್ನು ವಾಸನೆ, ಸಂಸ್ಕಾರ ಎಂಬ ಹಳೆಯ ಮಾತುಗಳಿಂದ ವಿವರಿಸಿದರೆ ಸಾಕಲ್ಲವೆ ಎಂದು ಕೇಳುವವರುಂಟು. ಮಾಡಿದ ಕರ್ಮ ಅಳಿದರೂ ಅದರ ಅಚ್ಚು ಉಳಿದು ಮುಂದಿನ ಪ್ರವೃತ್ತಿಗೆ ಬೀಜವಾಗುತ್ತದೆಂಬ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ಶಾರೀರಕ ನಿದರ್ಶನ ದೊರೆಯಲಾರದೆಂಬುದು ನಿಜ. ಆದರೆ ಅಷ್ಟಕ್ಕೇ ತೃಪ್ತರಾಗಿ, ನಮ್ಮ ಪೂರ್ವಿಕರಿಗೆ ಕಿಣ್ವಗಳು ಮೊದಲೇ ತಿಳಿದಿದ್ದುವು ಎಂದು ಬೆನ್ನು ತಟ್ಟಿಕೊಳ್ಳುವುದು ನನಗೆ ರುಚಿಸದು. ವ್ಯತ್ಯಾಸ ಒಂದುಂಟು. ಸಂಸ್ಕಾರ ಜನ್ಮಾಂತರಗಳಲ್ಲಿ ಹಿಂಬಾಲಿಸುತ್ತದೆನ್ನುತ್ತಾರೆ. ಯಕೃತ್ತಿನ ಈ ಸಂಸ್ಕಾರ ಕುಡಿತ ನಿಂತ ಸುಮಾರು ಒಂದು ವಾರದಲ್ಲಿ, ಫಿನೊಬಾರ್ಬಿಟೋನಿನದಾದರೆ ಎರಡು ಮೂರು ವಾರಗಳಲ್ಲಿ, ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ದೇಹ ನಾವು ಎಣಿಸಿದುದಕ್ಕಿಂತ ಬೇಗ ಕ್ಷಮಿಸುತ್ತದೆ. ಮನಸ್ಸಿನ ನೆನಪಿಗೆ ಆ ಸೌಜನ್ಯವಿಲ್ಲ.

ಧರ್ಮಶಾಸ್ತ್ರ ಸುರಾಪಾನವನ್ನು ಮಹಾಪಾತಕಗಳಲ್ಲಿ ಎಣಿಸಿ, ತಿಳಿದು ಕುಡಿದವನಿಗೊಂದು ತಿಳಿಯದೆ ಕುಡಿದವನಿಗೊಂದು ಪ್ರಾಯಶ್ಚಿತ್ತವನ್ನು ವಿಧಿಸಿತು. ಗ್ರೀಸಿನಲ್ಲಿ ಮಿಟಿಲೀನಿಯ ಪಿಟ್ಟಕಸ್ ಅಮಲಿನಲ್ಲಿ ಮಾಡಿದ ಅಪರಾಧಕ್ಕೆ ಇಮ್ಮಡಿ ದಂಡವನ್ನಿಟ್ಟನು. ಅರಿಸ್ಟಾಟಲನು ಅದನ್ನು ಒಪ್ಪುವ ಧಾಟಿಯಲ್ಲಿ, ಅಮಲಿನ ಮೂಲ ಕುಡಿದವನ ಕೈಯಲ್ಲಿಯೇ ಇತ್ತಲ್ಲ ಎಂದು ವಾದಿಸಿದನು. ತಿಳಿದೂ ನಿಲ್ಲಿಸಲಾರದ ಮೂರನೆಯವನಿಗೆ ಈ ಎರಡೂ ಕಡೆ ಜಾಗವಿಲ್ಲ.

ಆ ಜಾಗವನ್ನು ಅನಿರೀಕ್ಷಿತವಾದ ಕಡೆಯಿಂದ ತೆರೆದವರು ನಾರಾಯಣ ಗುರುಗಳೆಂದು ನನ್ನ ಭಾವನೆ. ತಿರುವನಂತಪುರದ ಬಳಿಯ ಚೆಂಬಳಂತಿಯಲ್ಲಿ ೧೮೫೬ರಲ್ಲಿ ಹುಟ್ಟಿ, ೧೮೮೮ರಲ್ಲಿ ಅರುವಿಪ್ಪುರದಲ್ಲಿ ಶಿವಲಿಂಗ ಪ್ರತಿಷ್ಠೆಮಾಡಿ, ಕೊಚ್ಚಿಯ ಬಳಿ ಆಲುವಾದಲ್ಲಿ ಅದ್ವೈತಾಶ್ರಮವನ್ನು ಕಟ್ಟಿ, ೧೯೨೪ರಲ್ಲಿ ಅಲ್ಲಿಯೇ ಸರ್ವಮತ ಸಮ್ಮೇಳನವನ್ನು ಸೇರಿಸಿದ ಈ ಸಂನ್ಯಾಸಿ, ಕಳ್ಳು ಇಳಿಸುವುದನ್ನು ಕುಲವೃತ್ತಿಯಾಗಿ ಪಡೆದಿದ್ದ ಈಳವ ಸಮುದಾಯದಲ್ಲಿ ಜನಿಸಿದವರು. ತಮ್ಮ ಜೀವಿತದ ಕೊನೆಯ ದಶಕದಲ್ಲಿ ಅವರು ತಮ್ಮ ಜನರಿಗೆ ಕೊಟ್ಟ ಸಂದೇಶ ಪ್ರಸಿದ್ಧವಾಗಿದೆ: ಮದ್ಯವನ್ನು ವಿಷವೆಂದು ಕರೆದು, ಅದನ್ನು ತಯಾರಿಸುವುದು, ಕೊಡುವುದು, ಕುಡಿಯುವುದು ಈ ಮೂರನ್ನೂ ಅವರು ನಿಷೇಧಿಸಿದರು. ನಾನು ಗಮನಿಸುವುದು ಅವರು ಹಿಡಿದ ಅನುಕ್ರಮವನ್ನು. ಕುಡಿಯುವವನು ಅಲ್ಲಿ ಕೊನೆಯವನು. ಅದ್ವೈತಿಯಾದವನು ಕರ್ತೃತ್ವವನ್ನು ಒಬ್ಬೊಬ್ಬನ ಅಂತರಂಗದಲ್ಲಿ ಹುಡುಕಿ, ಅಲ್ಲಿ ಅದರ ಮಿಥ್ಯಾತ್ವವನ್ನು ತೋರಿಸಿ ಸುಮ್ಮನಾಗಬಹುದಿತ್ತು. ಗುರುಗಳು ಅದನ್ನು ಮರವೇರುವವನಿಂದ ಹಿಡಿದು ಅಂಗಡಿಯವನವರೆಗೆ ಹರಡಿಬಿಟ್ಟರು. ಕೈ ನಡುಗತೊಡಗಿದ ಮೇಲೆ ಕುಡಿಯುವವನ ಸ್ವಾತಂತ್ರ್ಯ ಎಷ್ಟು ಉಳಿದಿರುತ್ತದೋ ಹೇಳಲಾಗದು. ಮಾಡುವವನ, ಮಾರುವವನ ಸ್ವಾತಂತ್ರ್ಯಕ್ಕೆ ಯಾವ ಕಿಣ್ವವೂ ಅಡ್ಡಬಂದಿರುವುದಿಲ್ಲ. ೧೯೮೪ರಿಂದ ಕೇರಳದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ ನಿಗಮದ ಕೈಯಲ್ಲಿದೆ. ಸಾರಾಯಿಯನ್ನು ನಮ್ಮವರು ೨೦೦೭ರಲ್ಲಿ ನಿಷೇಧಿಸುವುದಕ್ಕೆ ಹನ್ನೊಂದು ವರ್ಷ ಮೊದಲೇ ನಿಷೇಧಿಸಿದ ರಾಜ್ಯ ಅದು. ೨೦೧೪ರಲ್ಲಿ ನೂರಾರು ಬಾರುಗಳನ್ನು ಮುಚ್ಚಿ, ಮೂರು ವರ್ಷದ ಅನಂತರ ಆ ನೀತಿಯನ್ನು ಸಡಿಲಿಸಿದ ರಾಜ್ಯವೂ ಅದೇ. ಅಂತಹ ಸರ್ಕಾರ ೨೦೨೦ರಲ್ಲಿ ತಾನೇ ಮಾರಿ ತಾನೇ ಮುಚ್ಚಿ, ಮುಚ್ಚಿದುದರ ಯಾತನೆಗೆ ಮರುಗಿ ಚೀಟಿ ಬರೆಯಿರೆಂದಾಗ, ಗುರುಗಳ ಮೂರು ನಿಷೇಧಗಳಲ್ಲಿ ನಡುವಣದು ತನಗೆ ಅನ್ವಯಿಸುತ್ತದೆಂಬುದು ಅದಕ್ಕೆ ತೋಚಿದಂತೆ ಕಾಣಲಿಲ್ಲ.

ಹಾಗೆಂದು ಆ ಮರುಕವನ್ನು ನಾನು ತುಚ್ಛೀಕರಿಸಲಾರೆ. ಅದಕ್ಕೆ ಪ್ರಾಚೀನವಾದ ಆಧಾರವೇ ಉಂಟು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ, ಅಭ್ಯಾಸದಿಂದ ಒಗ್ಗಿಹೋದ ಅಹಿತವನ್ನು ಕಾಲುಕಾಲು ಭಾಗವಾಗಿ, ನಡುನಡುವೆ ದಿನಗಳ ಅಂತರವಿಟ್ಟು, ಕ್ರಮವಾಗಿ ಬಿಡಬೇಕೆನ್ನುತ್ತದೆ. ಚಿಕಿತ್ಸಾಸ್ಥಾನದ ಮದಾತ್ಯಯ ಪ್ರಕರಣವಂತೂ, ಮದ್ಯಕ್ಕೂ ವಿಷಕ್ಕೂ ಗುಣಗಳು ಒಂದೇ ಎಂದು ಹೇಳಿದ ಬಾಯಲ್ಲಿಯೇ, ಅಕ್ರಮವಾದ ಮದ್ಯಪಾನದಿಂದ ಬಂದ ವ್ಯಾಧಿಗೆ ಕ್ರಮವರಿತು ಕೊಟ್ಟ ಮದ್ಯವೇ ಚಿಕಿತ್ಸೆಯೆಂದು ವಿಧಿಸುತ್ತದೆ. ಈ ಪ್ರಾಚೀನ ಸಂಹಿತೆಯನ್ನು ಆಧುನಿಕ ಓದುಗರ ಮುಂದಿಟ್ಟವರಲ್ಲೊಬ್ಬರು ಎಂ. ಎಸ್. ವಲಿಯತ್ತಾನ್. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯನ್ನು ಕಟ್ಟಿ ಬೆಳೆಸಿ, ಮುಂದೆ ಮಣಿಪಾಲದಲ್ಲಿ ಕುಲಪತಿಗಳಾಗಿದ್ದ ಈ ಹೃದಯಶಸ್ತ್ರವೈದ್ಯರು ೨೦೦೩ರಲ್ಲಿ ಚರಕನ ಕುರಿತು ಬೃಹದ್ಗ್ರಂಥವೊಂದನ್ನು ಹೊರತಂದರು. ಚರಕನು ಹೇಳುವ ಮದ್ಯಚಿಕಿತ್ಸೆಯಲ್ಲಿ ರೋಗಿಯ ದೋಷಬಲಗಳ ಪರೀಕ್ಷೆಯಿದೆ, ಜೊತೆಗೆ ಕೊಡಬೇಕಾದ ಆಹಾರದ ವಿವರವಿದೆ. ವೈದ್ಯ ಹಾಸಿಗೆಯ ಪಕ್ಕದಲ್ಲಿದ್ದಾನೆ. ೨೦೨೦ರ ಆಜ್ಞೆಯಲ್ಲಿ ವೈದ್ಯನ ಹಸ್ತಾಕ್ಷರ ಮಾತ್ರವಿತ್ತು. ಉಳಿದುದು ಅಬಕಾರಿ ಗುಮಾಸ್ತನದು. ಕೊಚ್ಚಿಯ ನ್ಯಾಯಾಲಯ ತಡೆದುದು ಸರಿಯೆಂದು ನಾನು ಹೇಳುವುದು ಈ ಕಾರಣಕ್ಕೆ, ಕೊಡಲೇಬಾರದಾಗಿತ್ತೆಂಬ ಕಾರಣಕ್ಕಲ್ಲ.

ವ್ರತದ ವಿಷಯದಲ್ಲಿಯೂ ಒಂದು ಮಾತು ಉಳಿದಿದೆ. ಶಬರಿಮಲೆಗೆ ಹೋಗುವವರು, ಕೇರಳದವರಂತೆಯೇ ನಮ್ಮವರೂ, ಮಾಲೆ ಧರಿಸಿ ನಲವತ್ತೊಂದು ದಿನ ಮದ್ಯಮಾಂಸಗಳನ್ನು ವರ್ಜಿಸುತ್ತಾರೆ. ಆ ಅವಧಿಯಲ್ಲಿ ಕಿಣ್ವಗಳು ಇಳಿಯುತ್ತವೆ, ನರಗಳು ಬಿಗಿ ಸಡಲಿಸುತ್ತವೆ. ನಡುಕವನ್ನು ದಾಟಿದವನಿಗೆ ದೇಹ ಹೆಚ್ಚುಕಡಮೆ ಹಿಂದಕ್ಕೆ ಬಂದಿರುತ್ತದೆ. ಆದರೆ ಬಹುಕಾಲ ವಿಪರೀತವಾಗಿ ಕುಡಿದವನು ಮಾಲೆ ಹಾಕಿದ ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಚಿತ್ತಭ್ರಮೆಗೆ ಗುರಿಯಾಗಬಲ್ಲನು. ಆಗ ಅವನು ಹೋಗಬೇಕಾದುದು ಗುರುಸ್ವಾಮಿಯಲ್ಲಿಗಲ್ಲ, ಆಸ್ಪತ್ರೆಗೆ. ಮಾಲೆ ತೆಗೆದ ದಿನ ಹಳೆಯ ಅಳತೆಗೇ ಕೈಹಾಕುವವನಿಗೆ ಮತ್ತೊಂದು ಅಪಾಯ: ಅಳತೆ ಹಳೆಯದು, ಯಕೃತ್ತು ಹೊಸದು. ಬಿಟ್ಟವನು ಥಟ್ಟನೆ ಮತ್ತೆ ಅತಿಯಾಗಿ ಕುಡಿದಾಗ ಬರುವ ಧ್ವಂಸಕ ಮೊದಲಾದ ವಿಕಾರಗಳನ್ನು ಚರಕನು ಬೇರೆಯಾಗಿಯೇ ಎಣಿಸಿದ್ದಾನೆ.

ವ್ರತ ಔಷಧದ ಲೆಕ್ಕವನ್ನೂ ಬದಲಿಸಬಲ್ಲದು. ವಲಿಯತ್ತಾನರ ಮುಂದಾಳತ್ವದಲ್ಲಿ ಶ್ರೀಚಿತ್ರಾ ಸಂಸ್ಥೆ ರೂಪಿಸಿದ ಕೃತಕ ಹೃದಯಕವಾಟವನ್ನು ೧೯೯೦ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಲ್ಲಿ ಜೋಡಿಸಲಾಯಿತು. ಅಂತಹ ಕವಾಟವನ್ನು ಧರಿಸಿದವನು ಜೀವಮಾನವಿಡೀ ವಾರ್‌ಫರಿನ್ ಅಥವಾ ಅದರ ಸಜಾತಿಯ ಮಾತ್ರೆಯನ್ನು ನುಂಗುತ್ತಿರಬೇಕು. ಕಡಮೆಯಾದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಮಿದುಳಿನಲ್ಲಿಯೂ ಸ್ರಾವವಾಗಬಹುದು. ಪ್ರಮಾಣವನ್ನು ನಿರ್ಧರಿಸುವಾಗ ವೈದ್ಯ ಕುಡಿಯುತ್ತೀರಾ ಎಂದು ಕೇಳುತ್ತಾನೆ. ಕುಡಿತವನ್ನು ಪಾತಕವೆಂದು ಕೇಳಿ ಬೆಳೆದವನು, ಪಕ್ಕದಲ್ಲಿ ಹೆಂಡತಿ ಕುಳಿತಿರುವಾಗ, ಇಲ್ಲವೆನ್ನುತ್ತಾನೆ. ದಿನವೂ ಕುಡಿಯುವವನ ಚುರುಕಾದ ಯಕೃತ್ತಿಗೆ ಸರಿಹೋಗುವಂತೆ ರಕ್ತಪರೀಕ್ಷೆಯ ಮೇಲೆ ಪ್ರಮಾಣ ಏರುತ್ತ ಹೋಗುತ್ತದೆ. ಏಕೆ ಏರಿತೆಂಬುದು ಚೀಟಿಯಲ್ಲಿ ಇರುವುದಿಲ್ಲ. ಅನಂತರ ಒಂದು ವರ್ಷ ಅವನು ಶ್ರದ್ಧೆಯಿಂದ ಮಾಲೆ ಧರಿಸುತ್ತಾನೆ. ವಾರ ಕಳೆಯುವಷ್ಟರಲ್ಲಿ ಯಕೃತ್ತು ನಿಧಾನವಾಗುತ್ತದೆ, ಮೊದಲಿನ ಮಾತ್ರೆಯೇ ರಕ್ತದಲ್ಲಿ ಅಧಿಕವಾಗಿ ನಿಲ್ಲುತ್ತದೆ, ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ. ಪಾಪವನ್ನು ಮುಚ್ಚಿಟ್ಟವನು ಈಗ ಪುಣ್ಯವನ್ನು ಹೇಳಿಕೊಳ್ಳಲಾರ. ಬಿಟ್ಟೆನೆಂದರೆ ಕುಡಿಯುತ್ತಿದ್ದೆನೆಂದು ಒಪ್ಪಿದಂತಾಯಿತು. ಹೀಗೆ ಮಾತ್ರೆಯ ಲೆಕ್ಕ ತಪ್ಪಿದಾಗ, ಜೊತೆಯಲ್ಲಿ ಬಂದವರನ್ನು ಹೊರಗೆ ಕುಳ್ಳಿರಿಸಿ, ಬಾಗಿಲು ಮುಂದೆ ಮಾಡಿ, ಅದೇ ಪ್ರಶ್ನೆಯನ್ನು ಸ್ವರ ತಗ್ಗಿಸಿ ಮತ್ತೊಮ್ಮೆ ಕೇಳುವ ವೈದ್ಯರುಂಟು. ಉತ್ತರಕ್ಕಾಗಿ ಅವರು ಕೊಂಚ ಹೊತ್ತು ಕಾಯುತ್ತಾರೆ, ಹೊರಗೆ ಸರದಿ ಎಷ್ಟೇ ಉದ್ದವಿರಲಿ.